ಬೈಪಾಸಿನ ಆಚೆ ಉಳಿದ ಕಬ್ಬಿಣದ ಸೇತುವೆ

(ಪಟ್ಟಂನಲ್ಲಿ ನಡೆದ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವನು ನಾಡು, ನುಡಿ, ಏಕೀಕರಣಗಳ ಬಗ್ಗೆ ಮಾತನಾಡಬೇಕೆಂಬುದು ವಾಡಿಕೆ. ಕಾರ್ಯದರ್ಶಿಗಳು "ವಿಷಯ ನಿಮ್ಮ ಇಷ್ಟ" ಎಂದು ಔದಾರ್ಯ ತೋರಿದ್ದರಿಂದ ನಾನು ಆ ವಾಡಿಕೆಯನ್ನು ಸ್ವಲ್ಪ ಮೀರುತ್ತಿದ್ದೇನೆ. ಇಂದು ನಾನು ಮಾತನಾಡಬೇಕೆಂದಿರುವುದು ಒಂದು ಹಳೆಯ ಸೇತುವೆಯ ಬಗ್ಗೆ. ಅದು ಕರ್ನಾಟಕದಲ್ಲಿ ಇಲ್ಲ, ಈ ತಿರುವನಂತಪುರದಲ್ಲಿಯೂ ಇಲ್ಲ. ಎರಡರ ನಡುವೆ, ಕಲ್ಲಿಕೋಟೆಯ ದಕ್ಷಿಣಕ್ಕೆ, ಫರೋಕ್ ಎಂಬಲ್ಲಿ ಚಾಲಿಯಾರ್ ನದಿಯ ಮೇಲೆ ಇದೆ. 1883ರಲ್ಲಿ ಕಟ್ಟಿದ ಕಬ್ಬಿಣದ ಸೇತುವೆ. ಈ ಸಭೆಯಲ್ಲಿರುವ ಹಿರಿಯರಲ್ಲಿ ಕೆಲವರು ಊರಿಗೆ ಹೋಗುವಾಗ ಅದರ ಹೆಸರನ್ನೂ ಕೇಳದೆ ಅದನ್ನು ದಾಟಿರಬಹುದು. ಕಿರಿಯರು ದಾಟಿರುವ ಸಂಭವ ಕಡಿಮೆ. ಹೊಸ ಹೆದ್ದಾರಿ ಅವರನ್ನು ಬೇರೆ ದಾರಿಯಲ್ಲಿ ಕರೆದೊಯ್ಯುತ್ತದೆ.

ಮೊದಲು ನಮ್ಮ ಮುಂದಿರುವ ರಸ್ತೆಯಿಂದಲೇ ಆರಂಭಿಸುತ್ತೇನೆ. ಈ ಪಟ್ಟಂನಿಂದ ಉತ್ತರಕ್ಕೆ ಹೊರಟರೆ ಕೇಶವದಾಸಪುರದಲ್ಲಿ ದಾರಿ ಕವಲೊಡೆಯುತ್ತದೆ. ಒಂದು, ತಿರುವಿತಾಂಕೂರಿನ ದಿವಾನರ ಕಾಲದ ಎಂ.ಸಿ. ರೋಡ್; ಕೊಟ್ಟಾರಕ್ಕರ, ಕೋಟ್ಟಯಂ ಮೇಲೆ ಅಂಗಮಾಲಿಗೆ ಹೋಗುವುದು. ಇನ್ನೊಂದು, ಉಳ್ಳೂರು, ಕಳಕೂಟಂ ಮೇಲೆ ಕೊಲ್ಲಂಗೆ ಹೋಗುವ ರಾಷ್ಟ್ರೀಯ ಹೆದ್ದಾರಿ. ಬಹುಕಾಲ ಇದಕ್ಕೆ 47 ಎಂಬ ಸಂಖ್ಯೆ ಇತ್ತು. ಇಡಪ್ಪಳ್ಳಿಯಿಂದ ಮುಂದೆ ಮಂಗಳೂರು, ಕಾರವಾರ, ಗೋವಾ ದಾಟಿ ಪನ್ವೇಲ್‌ಗೆ ಹೋಗುವ ಭಾಗಕ್ಕೆ 17 ಎಂಬ ಸಂಖ್ಯೆ. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಕನ್ಯಾಕುಮಾರಿಯಿಂದ ಪನ್ವೇಲ್‌ವರೆಗಿನ ಈ ಪಶ್ಚಿಮ ಕರಾವಳಿಯ ಹಾದಿಯೆಲ್ಲ ಒಂದಾಗಿ 66 ಆಯಿತು. ಸುಮಾರು 1600 ಕಿಲೋಮೀಟರು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಊರು ಎಂದರೆ ಈ ಒಂದೇ ದಾರದ ಇನ್ನೊಂದು ಗಂಟು. ಆದರೆ ಈಗ ದೂರದ ವಾಹನಗಳು ಪಟ್ಟಂಗೆ ಬರಬೇಕಾಗಿಲ್ಲ. ಕಳಕೂಟಂನಿಂದ ಕೋವಳದತ್ತ ಬೈಪಾಸಿನಲ್ಲಿ ನಗರದ ಹೊರಗೇ ಸಾಗಿಬಿಡುತ್ತವೆ. ಅಂದರೆ ನಾವು ಕುಳಿತಿರುವುದೂ ಬೈಪಾಸು ಬಿಟ್ಟುಹೋದ ಜಾಗದಲ್ಲಿಯೇ! ಪಟ್ಟಂ ಅದರಿಂದ ಬಡವಾಗಲಿಲ್ಲ. ಕಚೇರಿಗಳಿವೆ, ಆಸ್ಪತ್ರೆಗಳಿವೆ, ಶಾಲೆಗಳಿವೆ. ಸೇತುವೆಗೆ ಆ ಭಾಗ್ಯವಿಲ್ಲ. ದಾಟಿಸುವುದೊಂದೇ ಅದರ ಉದ್ಯೋಗ.

ಫರೋಕಿನ ಸೇತುವೆ ಎಂಜಿನಿಯರುಗಳು ಟ್ರಸ್ ಎಂದು ಕರೆಯುವ ಜಾತಿಯದು. ನಾನು ಎಂಜಿನಿಯರನಲ್ಲ, ಇತಿಹಾಸದಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಲೆಕ್ಕಪತ್ರಗಳ ನಡುವೆ ಆಯುಷ್ಯದ ಬಹುಭಾಗ ಕಳೆದವನು. ಆದರೂ ಇದರ ತತ್ತ್ವ ಸಾಮಾನ್ಯರಿಗೆ ತಿಳಿಯದಷ್ಟು ಕಠಿಣವೇನಲ್ಲ. ನಾಲ್ಕು ಕೋಲುಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿ ಒತ್ತಿದರೆ ಅದು ವಾಲುತ್ತದೆ. ಮೂರು ಕೋಲುಗಳ ತ್ರಿಕೋನವನ್ನು ಎಷ್ಟು ಒತ್ತಿದರೂ ಅದು ಆಕಾರ ಕೆಡಿಸಿಕೊಳ್ಳದು. ಹೆಂಚಿನ ಮನೆಯ ಮಾಡು ನಿಂತಿರುವುದೂ ಬಹುಮಟ್ಟಿಗೆ ಇದೇ ಉಪಾಯದಿಂದ. ಅಂಥ ತ್ರಿಕೋನಗಳನ್ನು ಸಾಲಾಗಿ ಜೋಡಿಸಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಾಸಿದರೆ ಅದೇ ಟ್ರಸ್. ಭಾರ ಬಿದ್ದಾಗ ಮೇಲಿನ ತೊಲೆ ಒತ್ತಡಕ್ಕೆ ಸಿಕ್ಕುತ್ತದೆ, ಕೆಳಗಿನ ತೊಲೆ ಎಳೆತಕ್ಕೆ. ನಡುವಿನ ಓರೆಪಟ್ಟಿಗಳು ಆ ಭಾರವನ್ನು ಕೈಯಿಂದ ಕೈಗೆ ದಾಟಿಸುತ್ತ ಕಂಬಕ್ಕೆ ಒಪ್ಪಿಸುತ್ತವೆ. ಕಡಿಮೆ ಲೋಹದಲ್ಲಿ ಹೆಚ್ಚು ದೂರವನ್ನು ದಾಟುವ ಜಾಣತನ ಇದು. ಆ ಕಾಲದಲ್ಲಿ ಬೆಸುಗೆ ಇರಲಿಲ್ಲ. ರಿವೆಟ್ಟುಗಳನ್ನು ಕೆಂಪಗೆ ಕಾಯಿಸಿ, ರಂಧ್ರಕ್ಕೆ ತೂರಿಸಿ, ಇನ್ನೊಂದು ಬದಿಯಿಂದ ಬಡಿದು ತಲೆ ಮಾಡುತ್ತಿದ್ದರು. ಅದು ತಣಿದು ಕುಗ್ಗುವಾಗ ಎರಡು ತಗಡುಗಳನ್ನು ಬಿಗಿದು ಹಿಡಿಯುತ್ತದೆ. ಬಿಸಿಲಿಗೆ ಕಬ್ಬಿಣ ಹಿಗ್ಗುವುದರಿಂದ ಇಂಥ ಸೇತುವೆಗಳಲ್ಲಿ ಒಂದು ತುದಿಯನ್ನು ಸರಿದಾಡಲು ಬಿಟ್ಟಿರುತ್ತಾರೆ. ಜಡವೆಂದು ನಾವು ಬಗೆಯುವ ವಸ್ತುವಿಗೂ ಉಸಿರಾಡಲು ಎಡೆ ಬೇಕು.

ಇದರ ಶತ್ರು ಭಾರವಲ್ಲ, ತುಕ್ಕು. ಚಾಲಿಯಾರ್ ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಬೇಪೂರಿನ ಬಳಿ ಸಮುದ್ರ ಸೇರುತ್ತದೆ. ಉಪ್ಪು ಗಾಳಿ, ವರ್ಷದಲ್ಲಿ ನಾಲ್ಕೈದು ತಿಂಗಳ ಮಳೆ, ಮೂಲೆಗಳಲ್ಲಿ ನಿಲ್ಲುವ ಕಸ ಮತ್ತು ನೀರು. ಬಣ್ಣ ಬಳಿಯುವುದನ್ನು ಹತ್ತು ವರ್ಷ ಮರೆತರೆ ರಿವೆಟ್ಟಿನ ಸುತ್ತ ಕಬ್ಬಿಣ ಪದರ ಪದರವಾಗಿ ಏಳುತ್ತದೆ. ಅದೇ ಬಣ್ಣವನ್ನು ಕಾಲಕಾಲಕ್ಕೆ ಬಳಿದರೆ ಈ ಸೇತುವೆಗಳ ಆಯುಷ್ಯಕ್ಕೆ ಮಿತಿ ಹೇಳುವುದು ಕಷ್ಟ. ಫರೋಕಿನದು 140 ವರ್ಷ ದಾಟಿದೆ.

ಇನ್ನು ಆ ಊರಿನ ಹೆಸರಿನ ವಿಚಾರ. ಫರೋಕ್ ಎಂಬುದು ಮಲಯಾಳದ ಹೆಸರಲ್ಲ. 1788ರಲ್ಲಿ ಟೀಪು ಸುಲ್ತಾನ್ ಮಲಬಾರಿನ ಆಡಳಿತ ಕೇಂದ್ರವನ್ನು ಕಲ್ಲಿಕೋಟೆಯಿಂದ ತೆಗೆದು ಚಾಲಿಯಾರಿನ ದಕ್ಷಿಣ ದಂಡೆಗೆ ತರಲು ಹೊರಟು, ಆ ಹೊಸ ನಗರಕ್ಕೆ ಫರೂಕಾಬಾದ್ ಎಂದು ಹೆಸರಿಟ್ಟನು. ಕೋಟೆಯ ಕೆಲಸವೂ ಆರಂಭವಾಯಿತು. ಎರಡು ವರ್ಷ ಕಳೆಯುವುದರೊಳಗೆ ಮೂರನೆಯ ಮೈಸೂರು ಯುದ್ಧ ಬಂದಿತು. 1790ರ ಡಿಸೆಂಬರಿನಲ್ಲಿ ಕರ್ನಲ್ ಹಾರ್ಟ್ಲಿಯ ಸೇನೆ ಸಮೀಪದ ತಿರೂರಂಗಾಡಿಯಲ್ಲಿ ಮೈಸೂರಿನ ಪಡೆಯನ್ನು ಸೋಲಿಸಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಕಂಪನಿಯ ಪಾಲಾಯಿತು. ನಗರ ಕನಸಾಗಿಯೇ ಉಳಿಯಿತು, ಹೆಸರು ಮಾತ್ರ ಸವೆದು ಫರೋಕ್ ಆಗಿ ನಿಂತಿತು. ಟೀಪುವಿನ ಮಲಬಾರು ಆಡಳಿತದ ಬಗ್ಗೆ ಇಲ್ಲಿನವರ ನೆನಪುಗಳು ಕಹಿಯಾಗಿವೆ. ಅದನ್ನು ಮರೆಮಾಚುವುದು ಇತಿಹಾಸ ಓದಿದವನಿಗೆ ತಕ್ಕುದಲ್ಲ. ಆದರೆ ರಸ್ತೆಗಳ ವಿಷಯದಲ್ಲಿ ಮಾತ್ರ, 1887ರಲ್ಲಿ ಮಲಬಾರ್ ಮ್ಯಾನ್ಯುಯಲ್ ಪ್ರಕಟಿಸಿದ ವಿಲಿಯಂ ಲೋಗನ್ ಸಹ, ಈ ಸೀಮೆಯಲ್ಲಿ ರಸ್ತೆ ನಿರ್ಮಾಣದ ಮೊದಲಿಗನೆಂಬ ಮನ್ನಣೆಯನ್ನು ಟೀಪುವಿಗೆ ಕೊಟ್ಟಿದ್ದಾನೆ. ಅದಕ್ಕೆ ಮೊದಲು ಇಲ್ಲಿನ ಸಂಚಾರವೆಲ್ಲ ಹೊಳೆ, ಹಿನ್ನೀರು, ಕಾಲುದಾರಿಗಳಲ್ಲಿ. ಭಾರ ಹೊರುತ್ತಿದ್ದುದು ದೋಣಿ ಮತ್ತು ಮನುಷ್ಯನ ತಲೆ. ಫಿರಂಗಿಯನ್ನು ತಲೆಯ ಮೇಲೆ ಹೊರಲಾಗದು. ಅದಕ್ಕೆ ಚಕ್ರ ಬೇಕು, ಚಕ್ರಕ್ಕೆ ರಸ್ತೆ ಬೇಕು. ಯುದ್ಧಕ್ಕಾಗಿ ಹಾಕಿದ ರಸ್ತೆಯನ್ನು ಮುಂದೆ ಮೆಣಸು, ಹೆಂಚು, ಅಂಚೆ, ಮದುವೆ ದಿಬ್ಬಣಗಳು ಬಳಸಿದವು.

ರಸ್ತೆ ಹೊಳೆಯ ದಂಡೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಕಡವು. ನಮ್ಮ ದಕ್ಷಿಣ ಕನ್ನಡದಲ್ಲಿ ಹೊಳೆ ದಾಟುವ ಜಾಗಕ್ಕೆ ಕಡವು ಎನ್ನುತ್ತಾರೆ. ಮಲಯಾಳದಲ್ಲಿಯೂ ಕಡವು ಎಂದೇ. ದಾಟುವುದಕ್ಕೆ ಅವರು ಕಡಕ್ಕುಕ ಎನ್ನುತ್ತಾರೆ, ಮೂಲ ಒಂದೇ. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಮಲಯಾಳ ಬಾರದಿದ್ದರೂ ಫಲಕಗಳಲ್ಲಿ ಆ ಒಂದು ಪದ ಕಂಡಾಗಲೆಲ್ಲ ಊರಿನ ನೆಂಟರು ಸಿಕ್ಕಂತೆ ಅನಿಸುತ್ತಿತ್ತು. ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟವನಿಗೆ ನೇತ್ರಾವತಿ, ಚಂದ್ರಗಿರಿ, ವಳಪಟ್ಟಣಂ, ಚಾಲಿಯಾರ್, ಭಾರತಪ್ಪುಳ ಹೀಗೆ ಒಂದಾದ ಮೇಲೊಂದು ಕಡವು ಎದುರಾಗುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದಿನಗಟ್ಟಲೆ ದಂಡೆಯಲ್ಲಿ ಕಾಯಬೇಕು. ರೈಲು 1861ರಲ್ಲಿಯೇ ಬೇಪೂರಿನ ಎದುರು ದಂಡೆಗೆ ಬಂದು ನಿಂತಿತ್ತು; ಹೊಳೆ ದಾಟಿ ಕಲ್ಲಿಕೋಟೆಗೆ ತಲುಪಿದ್ದು 1888ರಲ್ಲಿ, ಮಂಗಳೂರಿಗೆ 1907ರಲ್ಲಿ. ಹಾಗಾದರೆ 1883ರಲ್ಲಿ ಚಾಲಿಯಾರಿನ ಮೇಲೆ ಚಕ್ರ ಉರುಳುವಂಥ ಸೇತುವೆ ಎದ್ದಾಗ ಅದರ ಬೆಲೆ ಏನಿದ್ದೀತೆಂದು ಊಹಿಸಬಹುದು. ಭಾರತಪ್ಪುಳದ ಮೇಲೆ ಕುಟ್ಟಿಪ್ಪುರದ ಸೇತುವೆ ಬಂದದ್ದು 1953ರಲ್ಲಿ. ಅದರ ಮೇಲೆ ಮಲಯಾಳದ ಹಿರಿಯ ಕವಿ ಎಡಶ್ಶೇರಿ ಗೋವಿಂದನ್ ನಾಯರ್ ಬರೆದ ಕವಿತೆ ಇಲ್ಲಿ ಮನೆಮಾತಾಗಿದೆ. ನಮ್ಮ ಕನ್ನಡದಲ್ಲಿ ಒಂದು ಸೇತುವೆಗೆ ಅಷ್ಟು ಪ್ರಸಿದ್ಧವಾದ ಕವಿತೆ ಇದ್ದದ್ದು ನನಗೆ ನೆನಪಾಗುತ್ತಿಲ್ಲ.

ಇನ್ನೊಂದು ಮಾತನ್ನು ರಾಜ್ಯೋತ್ಸವದ ಈ ದಿನ ಹೇಳಲೇಬೇಕು. ಆ ಸೇತುವೆ ಎದ್ದಾಗ ಮಲಬಾರು ಮತ್ತು ದಕ್ಷಿಣ ಕನ್ನಡ ಎರಡೂ ಮದರಾಸು ಪ್ರಾಂತದ ಅಕ್ಕಪಕ್ಕದ ಜಿಲ್ಲೆಗಳು. ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದ ಮೇಲೆ ದಕ್ಷಿಣ ಕನ್ನಡದವರಿಗೆ ಧಾರವಾಡ, ಮೈಸೂರುಗಳಿಗಿಂತ ಕಲ್ಲಿಕೋಟೆಯೇ ಆಡಳಿತದ ದೃಷ್ಟಿಯಿಂದ ಹತ್ತಿರವಾಗಿತ್ತು. ಗಡಿ ಬಂದದ್ದು 1956ರ ನವೆಂಬರ್ 1ರಂದು, ನಾವು ಇಂದು ಹಬ್ಬ ಮಾಡುತ್ತಿರುವ ಅದೇ ದಿನ. ಅಂದು ಕಾಸರಗೋಡು ಆಚೆ ಉಳಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಅದು ಕಡತದಲ್ಲಿ ಉಳಿದದ್ದೂ ನಿಮಗೆಲ್ಲ ತಿಳಿದ ಸಂಗತಿ. ಗಡಿಗಳ ವ್ಯಾಜ್ಯದಲ್ಲಿ ನಾವು ಹೊಳೆಗಳನ್ನು ಎಲ್ಲೆಯ ಗೆರೆಗಳೆಂದು ಓದುವುದನ್ನು ಕಲಿತೆವು. ಸೇತುವೆ ಕಟ್ಟಿದವರಿಗೆ ಹೊಳೆ ಎಲ್ಲೆಯಾಗಿರಲಿಲ್ಲ, ಒಂದು ಅಡಚಣೆ ಮಾತ್ರ.

ಆ ಅಡಚಣೆ ನೀಗಿದ ಮೇಲೆ ಫರೋಕಿಗೆ ಬಂದದ್ದರಲ್ಲಿ ಒಂದು, ಮಂಗಳೂರಿನ ಹೆಂಚಿನ ವಿದ್ಯೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದೇ ಮಿಶನ್ನಿನ ಕಾರ್ಖಾನೆಯೊಂದು 1905ರಲ್ಲಿ ಫರೋಕಿನಲ್ಲಿ ಎದ್ದಿತು. ಹೊಳೆಯ ಜೇಡಿಮಣ್ಣು, ಸಾಗಿಸಲು ನೀರಿನ ದಾರಿ, ಪಕ್ಕದಲ್ಲಿ ರಸ್ತೆ, ರೈಲು. ಒಂದು ಕಾಲಕ್ಕೆ ಫರೋಕಿನ ಹೊಗೆಗೊಳವೆಗಳೇ ಆ ಊರಿನ ಗುರುತು. ಈಗ ಹೆಂಚಿನ ಮನೆಗಳೇ ಅಪರೂಪವಾಗಿ ಆ ಉದ್ಯಮ ಸೊರಗಿದೆ. ಇದೇ ಮಿಶನ್ನಿನ ದಾರಿಯಲ್ಲಿಯೇ ಎರಡು ನಿಘಂಟುಗಳೂ ಬಂದವು: ಮಲಯಾಳಕ್ಕೆ ಗುಂಡರ್ಟರದು 1872ರಲ್ಲಿ, ಕನ್ನಡಕ್ಕೆ ಕಿಟೆಲ್ಲರದು 1894ರಲ್ಲಿ. ಹೆಂಚು ಮತ್ತು ನಿಘಂಟು ಒಂದೇ ಸಂಸ್ಥೆಯ ನೆರಳಲ್ಲಿ ಬೆಳೆದವೆಂಬುದು ಸ್ವಾರಸ್ಯದ ಸಂಗತಿ. ಆದರೆ ಅದು ಇನ್ನೊಂದು ದಿನದ ಭಾಷಣ.

ಮೋಟಾರಿನ ಕಾಲ ಬಂದಾಗ ಎತ್ತಿನ ಗಾಡಿಗೆಂದು ಅಳೆದ ಸೇತುವೆ ಇಕ್ಕಟ್ಟಾಯಿತು. ಎದುರುಬದುರು ಎರಡು ಬಸ್ಸುಗಳು ಸರಾಗವಾಗಿ ಹೋಗಲಾರವು; ಮೇಲೆ ಅಡ್ಡಲಾಗಿ ತೊಲೆಗಳಿರುವುದರಿಂದ ಎತ್ತರದ ಲಾರಿ ತೂರಲಾರದು. ರಾಷ್ಟ್ರೀಯ ಹೆದ್ದಾರಿಗೆಂದು ಬೇರೊಂದು ಸೇತುವೆ ಬಂದಿತು. ಅದು ಮೊದಲ ಬೈಪಾಸು. ಆಮೇಲೆ ರಾಮನಾಟ್ಟುಕರದಿಂದ ವೆಂಗಳಂವರೆಗೆ ಕಲ್ಲಿಕೋಟೆಯ ಹೊರಗೇ ಹಾದುಹೋಗುವ ಸುಮಾರು 28 ಕಿಲೋಮೀಟರಿನ ರಸ್ತೆ ಬಂದು, ಚಾಲಿಯಾರನ್ನು ಅರಪ್ಪುಳದಲ್ಲಿ ದಾಟಿತು. ಅದು ಈಗ ಆರು ಪಥಗಳ ಹೆದ್ದಾರಿ. ಹೀಗೆ ಹಳೆಯ ಸೇತುವೆಯನ್ನು ಒಮ್ಮೆಯಲ್ಲ, ಎರಡು ಬಾರಿ ಹಿಂದೆ ಬಿಟ್ಟಂತಾಯಿತು.

ಆದರೂ ಅದು ಕೆಲಸ ಬಿಡಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡದ್ದು. ಫರೋಕ್ ಮತ್ತು ಚೆರುವಣ್ಣೂರಿನ ನಡುವಿನ ಸ್ಥಳೀಯರಿಗೆ, ಸ್ಕೂಟರು, ಆಟೋ, ಕಾರುಗಳಿಗೆ ಅದೇ ದಾರಿ. ಎತ್ತರದ ಮಿತಿಯ ಫಲಕವನ್ನು ಓದದ ಚಾಲಕರು ಮಾತ್ರ ಆಗಾಗ ಮೇಲಿನ ತೊಲೆಗೆ ಬಂದು ಢಿಕ್ಕಿ ಹೊಡೆಯುತ್ತಾರೆ. 2022ರಲ್ಲಿ ರಾಜ್ಯದ ಲೋಕೋಪಯೋಗಿ ಇಲಾಖೆ ತುಕ್ಕು ಕೆರೆದು, ಬಾಗಿದ ಭಾಗಗಳನ್ನು ಸರಿಪಡಿಸಿ, ಬಣ್ಣ ಬಳಿಸಿತು. ಅದೇ ವರ್ಷ ಮದ್ಯದ ಪೆಟ್ಟಿಗೆಗಳನ್ನು ಹೊತ್ತ ಲಾರಿಯೊಂದು ಅದೇ ತೊಲೆಗೆ ಗುದ್ದಿ, ಪೆಟ್ಟಿಗೆಗಳು ರಸ್ತೆಗೆ ಉದುರಿ, ಒಡೆಯದೆ ಉಳಿದ ಬಾಟಲಿಗಳು ಕ್ಷಣಮಾತ್ರದಲ್ಲಿ ಜನರ ಕೈಸೇರಿದವೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅಂದು ಸೇತುವೆಯ ಬಗ್ಗೆ ಊರಿನವರಿಗೆ ವಿಶೇಷ ಗೌರವ ಮೂಡಿರಬೇಕು! ಬಳಿಕ ಪ್ರವಾಸೋದ್ಯಮ ಇಲಾಖೆ ಅದಕ್ಕೆ ಬಣ್ಣದ ದೀಪಗಳನ್ನು ಹಾಕಿತು. ದೀಪಗಳ ಅಭಿರುಚಿಯ ಬಗ್ಗೆ ನನಗೆ ಭಿನ್ನಾಭಿಪ್ರಾಯವಿದೆ. ಬಣ್ಣ ಬಳಿದದ್ದರ ಬಗ್ಗೆ ಇಲ್ಲ.

ಈಗ ನನ್ನ ವೃತ್ತಿಯ ಕಣ್ಣಿನಿಂದ ಒಂದು ಮಾತು. ಹಳೆಯ ಸೇತುವೆಗಳನ್ನು ಉಳಿಸುವ ಚರ್ಚೆ ಬಂದಾಗ ನಾವು ಅದರ ಸೌಂದರ್ಯ, ಇತಿಹಾಸ, ಭಾವನೆಗಳ ಬಗ್ಗೆ ಮಾತನಾಡುತ್ತೇವೆ. ಲೆಕ್ಕದ ಮನುಷ್ಯ ಕೇಳುವ ಪ್ರಶ್ನೆ ಬೇರೆ: ಇದು ಯಾರ ರಿಜಿಸ್ಟರಿನಲ್ಲಿದೆ? ಹೆದ್ದಾರಿಗೆ ಬೈಪಾಸು ಬಂದಾಗ ಹಿಂದೆ ಉಳಿದ ಹಳೆಯ ತುಂಡನ್ನು ಕೇಂದ್ರವು ಒಮ್ಮೆ ದುರಸ್ತಿಗೆ ಹಣ ಕೊಟ್ಟು ರಾಜ್ಯಕ್ಕೆ ಒಪ್ಪಿಸುವುದು ಪದ್ಧತಿ. ಒಪ್ಪಿಸಿದ ದಿನ ಒಂದು ಸಹಿ ಬೀಳುತ್ತದೆ. ಅನಂತರ ಅದು ರಾಜ್ಯ ಹೆದ್ದಾರಿಯೋ, ಜಿಲ್ಲಾ ರಸ್ತೆಯೋ, ನಗರಸಭೆಯ ಬೀದಿಯೋ ಎಂಬುದು ತೀರ್ಮಾನವಾಗಬೇಕು. ತೀರ್ಮಾನವಾಗುವವರೆಗೆ ನಿರ್ವಹಣೆಯ ಹಣ ಯಾವ ಶೀರ್ಷಿಕೆಯಿಂದಲೂ ಬರುವುದಿಲ್ಲ. ಹೊಸ ಸೇತುವೆಗೆ ಕೋಟಿಗಟ್ಟಲೆ ಬಂಡವಾಳ ವೆಚ್ಚ ಮಂಜೂರಾಗುವುದು ಸುಲಭ, ಅದಕ್ಕೆ ಉದ್ಘಾಟನೆಯಿದೆ, ಕಲ್ಲಿನ ಮೇಲೆ ಹೆಸರುಗಳಿವೆ. ಹಳೆಯದಕ್ಕೆ ವರ್ಷಕ್ಕೊಮ್ಮೆ ಬಣ್ಣ ಮತ್ತು ಪರೀಕ್ಷೆಗೆಂದು ಕೆಲವು ಲಕ್ಷ ಕೇಳಿದರೆ ಟಿಪ್ಪಣಿ ಹಿಂದಿರುಗುತ್ತದೆ. ಬಣ್ಣ ಬಳಿಯುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಒಡೆಯನಿರುವ ಮುರುಕಲು ಮನೆ ಉಳಿದುಕೊಳ್ಳುತ್ತದೆ, ಒಡೆಯನಿಲ್ಲದ ಅರಮನೆ ಬೀಳುತ್ತದೆ.

ಬಿದ್ದ ಅರಮನೆಯೊಂದು ಕೇರಳದಲ್ಲಿಯೇ ಇದೆ. ಶೊರನೂರು ಮತ್ತು ಚೆರುತುರುತ್ತಿಯ ನಡುವೆ, ಕಲಾಮಂಡಲಕ್ಕೆ ಸಮೀಪದಲ್ಲಿ, ಭಾರತಪ್ಪುಳದ ಮೇಲಿದ್ದ ಹಳೆಯ ಕೊಚ್ಚಿ ಸೇತುವೆ. ಕೊಚ್ಚಿಯ ರಾಜರ್ಷಿ ರಾಮವರ್ಮ ಮಹಾರಾಜರು ಶೊರನೂರಿನಿಂದ ಎರ್ನಾಕುಳಕ್ಕೆ ರೈಲು ತರಿಸಿದರು. 1902ರಲ್ಲಿ ಅದು ಓಡಿತು. ಹಣ ಸಾಲದೆ, ತ್ರಿಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ಆನೆಗಳ ಹಣೆಗೆ ಕಟ್ಟುವ ಚಿನ್ನದ ಪಟ್ಟಗಳಲ್ಲಿ ಹದಿನಾಲ್ಕನ್ನು ಮಾರಿದರೆಂದು ಕೊಚ್ಚಿಯ ಹಿರಿಯರು ಇಂದಿಗೂ ಹೇಳುತ್ತಾರೆ. ಒಂದು ಸಣ್ಣ ಸಂಸ್ಥಾನ ತನ್ನ ದೇವರ ಒಡವೆಯನ್ನು ಕಬ್ಬಿಣವಾಗಿ ಮಾರ್ಪಡಿಸಿದ ಕಥೆ. ರೈಲಿಗಾಗಿ ಎದ್ದ ಆ ಸೇತುವೆ ಮುಂದೆ ರಸ್ತೆಯ ಸೇತುವೆಯಾಗಿ, ಕೊಚ್ಚಿ ರಾಜ್ಯವನ್ನೂ ಬ್ರಿಟಿಷ್ ಮಲಬಾರನ್ನೂ ಬೆಸೆಯುವ ಕೊಂಡಿಯಾಗಿ ದುಡಿಯಿತು. 2003ರಲ್ಲಿ ಪಕ್ಕದಲ್ಲಿ ಹೊಸ ಸೇತುವೆ ತೆರೆಯಿತು, ಹಳೆಯದನ್ನು ಮುಚ್ಚಿದರು. 2011ರಲ್ಲಿ ಅದರ ಒಂದು ಭಾಗ ಹೊಳೆಗೆ ಕುಸಿಯಿತು. ನೂರು ವರ್ಷ ರೈಲು, ಬಸ್ಸುಗಳ ಭಾರ ಹೊತ್ತಾಗ ಬೀಳದ ಸೇತುವೆ, ಯಾವ ಭಾರವೂ ಇಲ್ಲದ ಎಂಟು ವರ್ಷಗಳಲ್ಲಿ ಬಿದ್ದಿತು.

ಇದಕ್ಕೆ ಪ್ರತಿಯಾದ ಉದಾಹರಣೆ ನಮಗೆ ಹತ್ತಿರದ ಪುನಲೂರು. ಅದು ಟ್ರಸ್ ಅಲ್ಲ, ಸರಪಳಿಗಳಿಂದ ತೂಗುವ ಸೇತುವೆ. ಕಲ್ಲಡ ಹೊಳೆಯ ಮೇಲೆ ಆಲ್ಬರ್ಟ್ ಹೆನ್ರಿ ಎಂಬ ಎಂಜಿನಿಯರರ ಕೈಯಿಂದ 1877ರಲ್ಲಿ ಮುಗಿದದ್ದು. ಸೇತುವೆಯ ಬಲವನ್ನು ಜನರಿಗೆ ತೋರಿಸಲು ಅವರು ಆನೆಗಳನ್ನು ಮೇಲೆ ನಡೆಸಿ, ತಾವು ಕುಟುಂಬಸಮೇತ ಕೆಳಗೆ ದೋಣಿಯಲ್ಲಿ ಕುಳಿತಿದ್ದರೆಂದು ಐತಿಹ್ಯ. ಇಂದಿನ ಗುತ್ತಿಗೆದಾರರಿಗೂ ಈ ನಿಯಮವನ್ನು ಅನ್ವಯಿಸಬಹುದೆಂದು ಒಬ್ಬ ಸಹೋದ್ಯೋಗಿ ಹೇಳುವುದುಂಟು. 1972ರಲ್ಲಿ ಪಕ್ಕದಲ್ಲಿ ಕಾಂಕ್ರೀಟು ಸೇತುವೆ ಬಂದಿತು. ಆದರೆ ಹಳೆಯದು ರಾಜ್ಯದ ಪುರಾತತ್ವ ಇಲಾಖೆಯ ರಕ್ಷಣೆಗೆ ಬಂದುದರಿಂದ ಇಂದಿಗೂ ನಿಂತಿದೆ, ಜನ ಅದರ ಮೇಲೆ ನಡೆಯುತ್ತಾರೆ. ಒಂದೇ ರಾಜ್ಯ, ಒಂದೇ ಮಳೆ. ಪುನಲೂರಿನದಕ್ಕೆ ಒಂದು ಇಲಾಖೆಯ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಹಳೆಯದೆಂಬ ಕಾರಣಕ್ಕೆ ಎಲ್ಲವನ್ನೂ ಬಳಸುತ್ತಲೇ ಇರಬೇಕೆಂದು ನಾನು ಹೇಳುತ್ತಿಲ್ಲ. ಇದೇ 66ರ ಹೆದ್ದಾರಿಯಲ್ಲಿ, ಮಹಾರಾಷ್ಟ್ರದ ಮಹಾಡ್ ಬಳಿ ಸಾವಿತ್ರಿ ನದಿಯ ಮೇಲೆ 1928ರ ಕಲ್ಲು ಕಮಾನಿನ ಸೇತುವೆಯೊಂದಿತ್ತು. ಪಕ್ಕದಲ್ಲಿ ಹೊಸದು ಬಂದಿದ್ದರೂ ಹಳೆಯದರ ಮೇಲೆ ಒಂದು ದಿಕ್ಕಿನ ಸಂಚಾರ ಮುಂದುವರಿದಿತ್ತು. 2016ರ ಆಗಸ್ಟ್ 2ರ ರಾತ್ರಿ, ಮಹಾಪೂರದಲ್ಲಿ ಅದು ಕುಸಿದು ಎರಡು ಸಾರಿಗೆ ಬಸ್ಸುಗಳು ಕೊಚ್ಚಿಹೋದವು. ಆ ಪ್ರಾಣಗಳ ಮುಂದೆ ಪರಂಪರೆಯ ಮಾತು ಸಲ್ಲದು. ಆದರೆ ಅದೇ ಹೆದ್ದಾರಿಯಲ್ಲಿ ನಮ್ಮ ಕಾರವಾರದ ಕಾಳಿ ನದಿಯ ಸೇತುವೆಯನ್ನೂ ನೆನೆಯಬೇಕು. 1983ರ ಕಾಂಕ್ರೀಟು ಸೇತುವೆ. ಅಲ್ಲಿಯೂ ಪಕ್ಕದಲ್ಲಿ ಹೊಸದು, ಹಳೆಯದರ ಮೇಲೆ ಒಂದು ದಿಕ್ಕು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿಯಿತು. ಲಾರಿಯೊಂದಿಗೆ ನದಿಗೆ ಬಿದ್ದ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಬದುಕಿಸಿದರು. ಅದರ ವಯಸ್ಸು 41. 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಇದೇ ಹೆದ್ದಾರಿಯ ಹೊಚ್ಚ ಹೊಸ ಭಾಗ, ಇನ್ನೂ ಕೆಲಸ ಮುಗಿಯುವ ಮೊದಲೇ, ಗದ್ದೆಗೆ ಜಾರಿತು. ಫರೋಕಿನಿಂದ ಅದು ದೂರವೇನಲ್ಲ. ಆದ್ದರಿಂದ ಬೀಳುವುದಕ್ಕೂ ವಯಸ್ಸಿಗೂ ನೇರ ಸಂಬಂಧವಿದೆ ಎಂದು ಲೆಕ್ಕ ಹಾಕಬಾರದು. ಪರೀಕ್ಷೆ ಮಾಡುವವನಿದ್ದಾನೆಯೇ, ಪರೀಕ್ಷೆಯ ವರದಿಯನ್ನು ಓದುವವನಿದ್ದಾನೆಯೇ ಎಂಬುದರ ಮೇಲೆ ಅದು ನಿಂತಿದೆ. ಈ ವಿಷಯದಲ್ಲಿ ಟ್ರಸ್ಸಿಗೆ ಒಂದು ಅನುಕೂಲವಿದೆ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದರೆ ಹೊರಗೆ ಬಹುಕಾಲ ಕಾಣದು. ಕಬ್ಬಿಣದ ಸೇತುವೆ ತನ್ನ ರೋಗವನ್ನು ಬಯಲಲ್ಲೇ ತೋರಿಸುತ್ತದೆ. ಕೆಟ್ಟ ಪಟ್ಟಿಯೊಂದನ್ನೇ ಬಿಚ್ಚಿ ಹೊಸದನ್ನು ಕೂರಿಸಬಹುದು.

ಊರಿನ ಕಡೆ ನೋಡಿದರೆ ನಮ್ಮ ಸ್ಥಿತಿ ಹೆಮ್ಮೆಪಡುವಂಥದೇನಲ್ಲ. ಮಂ‌ಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಗುರುಪುರ ಹೊಳೆಯ ಮೇಲೆ 1923ರ ಉಕ್ಕಿನ ಸೇತುವೆ ಇದೆ. ಆ ಕಡೆಯ ಎಷ್ಟು ತಲೆಮಾರುಗಳು ಅದನ್ನು ದಾಟಿ ಪೇಟೆಗೆ ಬಂದವೋ! 2020ರ ಜೂನಿನಲ್ಲಿ ಪಕ್ಕದ ಹೊಸ ಸೇತುವೆ ತೆರೆದ ಮೇಲೆ ಅದು ನಿವೃತ್ತಿಯಾಯಿತು. ನೂರು ವರ್ಷ ತುಂಬಿದ ನಿರ್ಮಾಣವನ್ನು ಪ್ರಾಚೀನ ಸ್ಮಾರಕವೆಂದು ರಕ್ಷಿಸಲು 1958ರ ಕೇಂದ್ರ ಕಾಯಿದೆಯಲ್ಲಿ ಅವಕಾಶವಿದೆ. ಗುರುಪುರದ ಸೇತುವೆ ಆ ಹೊಸ್ತಿಲನ್ನು ದಾಟಿದ್ದು 2023ರಲ್ಲಿ, ನಿವೃತ್ತಿಯಾದ ಮೂರು ವರ್ಷದ ಮೇಲೆ. ಅರ್ಹತೆ ತಾನಾಗಿ ರಕ್ಷಣೆಯಾಗುವುದಿಲ್ಲ. ಯಾರಾದರೂ ಅರ್ಜಿ ಬರೆಯಬೇಕು. ಬಂಟ್ವಾಳದ ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಮೇಲಿನ ಹಳೆಯ ಸೇತುವೆಯೂ ನೂರು ದಾಟಿದೆ. 1923ರ ನೆರೆಯನ್ನೂ 1974ರ ನೆರೆಯನ್ನೂ ಕಂಡ ಸೇತುವೆ ಅದು. ಹೆದ್ದಾರಿ ಪಕ್ಕಕ್ಕೆ ಸರಿದ ಮೇಲೂ ಊರಿನ ಹಗುರ ವಾಹನಗಳನ್ನು ದಾಟಿಸುತ್ತಲೇ ಬಂದಿದೆ.

ಅಮೆರಿಕದಲ್ಲಿಯೂ ಒಂದು 66 ಇತ್ತೆಂಬುದು ಕಾಕತಾಳೀಯ. ಶಿಕಾಗೊದಿಂದ ಲಾಸ್ ಏಂಜಲೀಸ್ ಕಡೆಗೆ 1926ರಲ್ಲಿ ಗುರುತಿಸಿದ ಆ ಹೆದ್ದಾರಿಯನ್ನು ಅಂತರರಾಜ್ಯ ಮಹಾಮಾರ್ಗಗಳು ನುಂಗಿ, 1985ರಲ್ಲಿ ಅದರ ಸಂಖ್ಯೆಯನ್ನೇ ಕೈಬಿಟ್ಟರು. ಆದರೆ ಜನ ಬಿಡಲಿಲ್ಲ. ಮಿಸಿಸಿಪಿ ನದಿಯ ಮೇಲೆ ಸೇಂಟ್ ಲೂಯಿ ಬಳಿ 1929ರ ಟ್ರಸ್ ಸೇತುವೆಯನ್ನು 1999ರಲ್ಲಿ ಪಾದಚಾರಿಗಳಿಗೆ, ಸೈಕಲ್ಲುಗಳಿಗೆ ತೆರೆದುಕೊಟ್ಟರು. ಓಕ್ಲಹೋಮಾದಲ್ಲಿ 38 ಸಣ್ಣ ಟ್ರಸ್ಸುಗಳ 1933ರ ಸೇತುವೆಯನ್ನು ಇತ್ತೀಚೆಗೆ ಬಲಪಡಿಸುವಾಗ ಭಾರ ಹೊರಲು ಹೊಸ ತೊಲೆಗಳನ್ನು ಕೊಟ್ಟು ಹಳೆಯ ಟ್ರಸ್ಸುಗಳನ್ನು ಅಲ್ಲೇ ಉಳಿಸಿಕೊಂಡರು. ಅವರಿಗೆ ಹಣವಿದೆ ಎನ್ನಬಹುದು. ಆದರೆ ಫರೋಕಿನಲ್ಲಿ ಕೇರಳ ಸರ್ಕಾರ ಮಾಡಿದ್ದು ಅದಕ್ಕಿಂತ ಸರಳ, ಅಗ್ಗ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ವಿವೇಕದ ಕೆಲಸ. ಅದನ್ನು ವಸ್ತುಸಂಗ್ರಹಾಲಯಕ್ಕೆ ಸೇರಿಸಲಿಲ್ಲ, ಒಡೆಯಲೂ ಇಲ್ಲ. ವಯಸ್ಸಿಗೆ ತಕ್ಕ ಹಗುರ ಕೆಲಸ ಕೊಟ್ಟು, ಇಲಾಖೆಯ ಪಟ್ಟಿಯಲ್ಲಿ ಉಳಿಸಿಕೊಂಡಿತು. ದಿನವೂ ಜನ ದಾಟುವ ಸೇತುವೆಯ ತುಕ್ಕನ್ನು ಯಾರಾದರೊಬ್ಬರು ನೋಡಿಯೇ ನೋಡುತ್ತಾರೆ, ದೂರು ಬರೆಯುತ್ತಾರೆ. ಮುಚ್ಚಿದ ಸೇತುವೆಯ ತುಕ್ಕಿಗೆ ಸಾಕ್ಷಿಗಳಿಲ್ಲ.

ಈ ಸಂಘದ ಮುಂದೆ ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಸದಸ್ಯರಲ್ಲಿ ಹಲವರು ಲೋಕೋಪಯೋಗಿ, ರೈಲ್ವೆ, ಬಂದರು, ಬ್ಯಾಂಕು, ಲೆಕ್ಕಪತ್ರ ಇಲಾಖೆಗಳಲ್ಲಿ ಇದ್ದವರು, ಇರುವವರು. ಅರ್ಜಿ ಹೇಗೆ ಬರೆಯಬೇಕು, ಯಾವ ಮೇಜಿಗೆ ಹೋಗಬೇಕು ಎಂಬುದು ನಮಗೆ ಊರಿನವರಿಗಿಂತ ಚೆನ್ನಾಗಿ ಗೊತ್ತು. ಗುರುಪುರದ ಸೇತುವೆ ಈಗ ಯಾವ ಕಚೇರಿಯ ಆಸ್ತಿಪಟ್ಟಿಯಲ್ಲಿದೆ, ಅದರ ವಾರ್ಷಿಕ ನಿರ್ವಹಣೆಗೆ ಯಾವ ಶೀರ್ಷಿಕೆಯಲ್ಲಿ ಹಣವಿದೆ ಎಂಬ ಎರಡೇ ಪ್ರಶ್ನೆಗಳ ಮಾಹಿತಿ ಹಕ್ಕಿನ ಅರ್ಜಿಯನ್ನು ಅಲ್ಲಿ ಮನೆಯಿರುವ ನಮ್ಮ ಸದಸ್ಯರೊಬ್ಬರು ಹಾಕಬಹುದು. ಶುಲ್ಕ ಹತ್ತು ರೂಪಾಯಿ. ಉತ್ತರ ಬಂದ ಮೇಲೆ ಅದನ್ನು ಪುರಾತತ್ವ ಇಲಾಖೆಗೆ ಬರೆಯುವ ಮನವಿಗೆ ಲಗತ್ತಿಸೋಣ. ಮನವಿಯ ಕರಡನ್ನು ನಾನು ಸಿದ್ಧಪಡಿಸುತ್ತೇನೆ. ತಾಂತ್ರಿಕ ಭಾಗವನ್ನು ತಿದ್ದಲು ಸಭೆಯಲ್ಲಿರುವ ಎಂಜಿನಿಯರ್ ಮಿತ್ರರು ನೆರವಾಗಬೇಕು.

ಇನ್ನೊಂದು ಚಿಕ್ಕ ಕೆಲಸ. ಮುಂದಿನ ರಜೆಯಲ್ಲಿ ಕಾರಿನಲ್ಲಿ ಮಂಗಳೂರಿಗೆ ಹೊರಡುವವರು ರಾಮನಾಟ್ಟುಕರದಲ್ಲಿ ಬೈಪಾಸಿಗೆ ಏರದೆ ಎಡಕ್ಕೆ ಹಳೆಯ ದಾರಿ ಹಿಡಿದು ಫರೋಕ್ ಪೇಟೆಯ ಮೂಲಕ ಹೋಗಿ ನೋಡಿ. ಅರ್ಧ ಗಂಟೆ ಹೆಚ್ಚು ಹಿಡಿದೀತು. ಮೇಲೆ ಸಾಮಾನು ಕಟ್ಟಿದ ವ್ಯಾನಿನವರು ಮಾತ್ರ ಎತ್ತರದ ಫಲಕವನ್ನು ಓದಿಕೊಳ್ಳಬೇಕು. ಚಿತ್ರ ತೆಗೆದವರು, ಹಾಗೆಯೇ ತಮ್ಮ ತಮ್ಮ ಊರಿನ ಹಳೆಯ ಸೇತುವೆ, ಕಾಲುಸಂಕ, ಕಡವುಗಳ ಚಿತ್ರ ಇರುವವರು, ಊರು ಮತ್ತು ಹೊಳೆಯ ಹೆಸರು ಬರೆದು ಕಾರ್ಯದರ್ಶಿಗಳ ಕೈಗೆ ತಲುಪಿಸಿದರೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅದಕ್ಕೆಂದೇ ತೆಗೆದಿಡಲು ಸಂಪಾದಕರು ಒಪ್ಪಿದ್ದಾರೆ.